ಅಕ್ಕನಿಗೆ ಏನೂ ಆಗಿಲ್ಲವಂತೆ

ಬೆಂಗಳೂರಿನ ಅಮೃತಹಳ್ಳಿಯಲ್ಲಿ ನೀರಿನ ಟ್ಯಾಂಕರ್ ಬರದಿದ್ದರೆ ಗಂಡಸರು ಬಾಲ್ಕನಿಯಲ್ಲಿ ನಿಂತು ಸರ್ಕಾರವನ್ನು ಬೈಯುತ್ತಾರೆ. ದೊಡ್ಡಕ್ಕ ಟ್ಯಾಂಕರ್‌ನವನಿಗೆ ಫೋನ್ ಮಾಡುತ್ತಾಳೆ. ಮಾನ್ಯತಾ ಟೆಕ್ ಪಾರ್ಕಿನಲ್ಲಿ ಮ್ಯಾನೇಜರ್, ಇಲ್ಲಿ ಸ್ವಂತ ಫ್ಲ್ಯಾಟು. ತಮ್ಮನ ಫೀಸು, ತಂಗಿಯ ಮದುವೆ, ಅಪ್ಪನ ಸ್ಟೆಂಟು ಎಲ್ಲ ಅವಳ ಲೆಕ್ಕಕ್ಕೇ. ನೆಂಟರ ಬಾಯಲ್ಲಿ ಅವಳು 'ಗಂಡುಮಗ ಇದ್ದ ಹಾಗೆ'. (ಗಂಡುಮಗ ಇರುವುದು ಹೇಗೆಂದು ಸೋಫಾ ಮೇಲೆ ಮಲಗಿರುವ ತಮ್ಮನನ್ನು ನೋಡಿದರೆ ಗೊತ್ತಾಗುತ್ತದೆ, ಆ ಮಾತು ಬಿಡಿ.)

ಇಂಥವಳನ್ನು "ಹೇಗಿದ್ದೀಯಕ್ಕ?" ಎಂದು ಕೇಳಿ ನೋಡಿ. "ನನಗೇನಾಗಿದೆ? ನೀನು ತಿಂಡಿ ತಿಂದ್ಯಾ?" ಜ್ವರ 102 ಇದ್ದರೂ "ಮೈ ಸ್ವಲ್ಪ ಬೆಚ್ಚಗಿದೆ ಅಷ್ಟೆ". ಹಾಗಾದರೆ ಅಳುವೇ ಬರುವುದಿಲ್ಲವೇ? ಬರುತ್ತದೆ. ಅದಕ್ಕೂ ಒಂದು ಜಾಗ ಗೊತ್ತುಮಾಡಿಕೊಂಡಿದ್ದಾಳೆ: ಸಂಜೆ ಹೊತ್ತು, ಹೆಬ್ಬಾಳ ಫ್ಲೈಓವರ್, ಕಾರಿನ ಗಾಜು ಏರಿಸಿಕೊಂಡು. ಅಲ್ಲಿ ಸಮಯಕ್ಕೇನು ಬರ! ಅತ್ತು, ಮೂಗು ಒರೆಸಿಕೊಂಡು, ಕಾಡಿಗೆ ತಿದ್ದಿ, "ಕೊತ್ತಂಬರಿ ಸೊಪ್ಪು ತರಬೇಕಾ?" ಎಂದು ಮನೆಗೆ ಫೋನ್ ಮಾಡಿದರೂ ಅಮೃತಹಳ್ಳಿಯ ತಿರುವು ಇನ್ನೂ ಬಂದಿರುವುದಿಲ್ಲ. ಹೆಬ್ಬಾಳದ ಜಾಮಿಗೆ ಋಣಿಯಾದವಳು ಊರಿಗೆಲ್ಲ ಅವಳೊಬ್ಬಳೇ ಇರಬೇಕು.

ಕಾನೂನು ಕೂಡ ಅವಳ ಹಿಂದೆ ಏದುಸಿರು ಬಿಡುತ್ತಾ ಬಂತು. ಪಿತ್ರಾರ್ಜಿತ ಆಸ್ತಿಯಲ್ಲಿ ಮದುವೆಯಾಗದ ಮಗಳಿಗೂ ಮಗನಷ್ಟೇ ಪಾಲು ಎಂದು ಕರ್ನಾಟಕ ಹೇಳಿದ್ದು 1994ರಲ್ಲಿ. ಮದುವೆಯಾದವಳಿಗೂ ಇದೆ ಎಂದು ದೇಶಕ್ಕೆಲ್ಲ ಕಾನೂನಾದದ್ದು 2005ರಲ್ಲಿ. ಹಕ್ಕಿನ ಜೊತೆ ಹೊಣೆಯೂ ಸಮ ಎಂದು ಬರೆದರು. ಹೊಣೆಯ ಭಾಗವನ್ನು ಅಕ್ಕ ಹೈಸ್ಕೂಲಿನಲ್ಲೇ ಜಾರಿಗೆ ತಂದಿದ್ದಳು. ಹಕ್ಕಿನ ಸರದಿ ಬಂದಾಗ "ನನಗ್ಯಾಕೆ ಬಿಡಿ" ಎಂದು ಹಕ್ಕು ಬಿಡುಗಡೆ ಪತ್ರಕ್ಕೆ ರುಜು ಹಾಕಿದಳು. ಸ್ಟಾಂಪಿನ ದುಡ್ಡೂ ಅವಳದೇ.

ತಮಾಷೆ ಏನೆಂದರೆ, ಅವಳು ಅಳುವುದು ನಮಗೇ ಅನುಕೂಲವಲ್ಲ. ಒಮ್ಮೆ ಅವಳು "ನನ್ನ ಕೈಲಾಗಲ್ಲ ಕಣ್ರೋ" ಅಂದುಬಿಟ್ಟರೆ, ಮತ್ತೆ ಯಾರ ಕೈಲಾಗುತ್ತೆ ಎಂಬ ಪ್ರಶ್ನೆ ಏಳುತ್ತದೆ. ಆ ಪ್ರಶ್ನೆಗೆ ಹೆದರಿಯೇ 'ನಮ್ಮಕ್ಕ ಗಟ್ಟಿಗಿತ್ತಿ' ಎಂದು ಹಾರ ಹಾಕಿ ಕೂರಿಸಿದ್ದೇವೆ. ಹಾರ ಬಿದ್ದ ಕೊರಳು ಬಿಕ್ಕುವುದಾದರೂ ಹೇಗೆ?

ಆದ್ದರಿಂದ ತಮ್ಮಂದಿರೇ, ತಂಗಿಯರೇ, ಈ ಭಾನುವಾರ ಅಕ್ಕನ ಮನೆಗೆ ಹೋದರೆ ಕ್ಷೇಮಸಮಾಚಾರ ಕೇಳುವ ಗೋಜಿಗೆ ಹೋಗಬೇಡಿ, ಉತ್ತರ ಗೊತ್ತೇ ಇದೆ. ಅಪ್ಪನ ಆಸ್ಪತ್ರೆ ಫೈಲನ್ನು ಎತ್ತಿಕೊಂಡು ಬನ್ನಿ, ಮುಂದಿನ ಚೆಕಪ್ಪಿಗೆ ನೀವೇ ಕರೆದುಕೊಂಡು ಹೋಗಿ. ಪೆಟ್ರೋಲಿಗೆ ಮಾತ್ರ ಅವಳನ್ನೇ ಕೇಳಬೇಡಿ.