ಉತ್ತರಭಾಗ ಭೀತಿ: ಬೃಹನ್ಮುಂಬಯಿಯ ಶಕ್ತಿಮಾನ್ ಅಭಿಮಾನಿ ಪ್ರಜ್ಞೆಯ ಒಂದು ಬಹುಶಿಸ್ತೀಯ ಅನುಸಂಧಾನ

ಪ್ರಸ್ತಾವನೆ

ಪ್ರಸ್ತುತ ಪ್ರಬಂಧವು 1997ರ ಸೆಪ್ಟೆಂಬರ್ 13ರಿಂದ 2005ರ ಮಾರ್ಚ್ 27ರವರೆಗೆ ದೂರದರ್ಶನದಲ್ಲಿ ಪ್ರಸಾರಗೊಂಡ ‘ಶಕ್ತಿಮಾನ್’ ಎಂಬ ಅತಿಮಾನುಷ ನಾಯಕನ ದೃಶ್ಯಪಠ್ಯವನ್ನು, ಆ ಪಠ್ಯದ ತರುವಾಯ ಬಂದ, ಬರುತ್ತಿರುವ ಹಾಗೂ ಬರುತ್ತೇನೆಂದು ಹೇಳಿ ಬಾರದಿರುವ ಉತ್ತರಪಠ್ಯಗಳೊಂದಿಗೆ ಮುಖಾಮುಖಿಯಾಗಿಸಿ, ಚರ್ಚ್‌ಗೇಟ್-ವಿರಾರ್ ಮತ್ತು ಸಿಎಸ್‌ಟಿ-ಕಲ್ಯಾಣ ಎಂಬ ದ್ವಿಧ್ರುವೀಯ ಅವಕಾಶದಲ್ಲಿ ರೂಪುಗೊಂಡ ಅಭಿಮಾನಿ ಪ್ರಜ್ಞೆಯ ಸ್ಥಿತ್ಯಂತರಗಳನ್ನು ಸಮಸ್ಯೀಕರಿಸುವ ಒಂದು ವಿನಮ್ರ ಯತ್ನವಾಗಿದೆ. ವಿನಮ್ರ ಯತ್ನವಲ್ಲದ ಯಾವುದಕ್ಕೂ ವಿಚಾರ ಸಂಕಿರಣಗಳಲ್ಲಿ ಊಟದ ಕೂಪನ್ ಕೊಡುವ ಪದ್ಧತಿ ಇಲ್ಲ.

ಹಾರ್ಬರ್ ಲೈನಿನ ಅಭಿಮಾನಿಗಳನ್ನು ಅಧ್ಯಯನದ ವ್ಯಾಪ್ತಿಯಿಂದ ಕೈಬಿಡಲಾಗಿದೆ. ಕ್ಷೇತ್ರಕಾರ್ಯಕ್ಕೆಂದು ಗೊತ್ತುಮಾಡಿದ ಭಾನುವಾರ ಆ ಕಡೆ ಮೆಗಾಬ್ಲಾಕ್ ಇತ್ತು.

ಪ್ರೇರಣೆ

ಉಪನಗರದ ಸಭಾಂಗಣವೊಂದರಲ್ಲಿ ನಡೆದ ಜನಪ್ರಿಯ ಸಂಸ್ಕೃತಿ ಕುರಿತ ಸಂಕಿರಣದಲ್ಲಿ ವಿದ್ವಾಂಸರೊಬ್ಬರು ಊಟದ ಹೊತ್ತು ಮೀರುವವರೆಗೆ ಶಕ್ತಿಮಾನ್ ಬಗ್ಗೆ ಪ್ರಬಂಧ ಓದಿದರು. ಅವರ ಪ್ರಕಾರ ಈ ಧಾರಾವಾಹಿಯು ಉದಾರೀಕರಣೋತ್ತರ ಮಧ್ಯಮ ವರ್ಗದ ಆತಂಕಗಳ ಸಾಂಕೇತಿಕ ಪುನರುತ್ಥಾನ. ಅದರ ಅಭಿಮಾನಿಗಳು ಗತಕಾಲದ ಗ್ರಾಹಕರು. ಪ್ರಶ್ನೋತ್ತರದ ಹೊತ್ತಿಗೆ ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಎದ್ದು, ‘ಸರ್, ತಮರಾಜ್ ಕಿಲ್ವಿಷ್ ಬಗ್ಗೆ ಏನೂ ಹೇಳಲಿಲ್ಲವಲ್ಲ?’ ಎಂದಳು. ವಿದ್ವಾಂಸರು ಕನ್ನಡಕ ತೆಗೆದು ಒರೆಸಿ, ‘ಅದು ನನ್ನ ಅಧ್ಯಯನದ ವ್ಯಾಪ್ತಿಗೆ ಬರುವುದಿಲ್ಲಮ್ಮ’ ಎಂದರು.

ಕಥೆಯ ಖಳನಾಯಕ ಕಿಲ್ವಿಷ್ ವ್ಯಾಪ್ತಿಗೆ ಬಾರದ ಶಕ್ತಿಮಾನ್ ಅಧ್ಯಯನ! ಒಂದು ಕಂತನ್ನೂ ನೋಡದವರು ನಮ್ಮನ್ನು ಗ್ರಾಹಕರೆಂದು ಕರೆದು ಶಾಲು ಹೊದೆಸಿಕೊಂಡು ಹೋದರು. ಅಂದೇ ಈ ಸಂಶೋಧಕ ತಾನೂ ಒಂದು ಪ್ರಬಂಧ ಬರೆಯುವುದೆಂದು ನಿಶ್ಚಯಿಸಿದ.

ಪೂರ್ವಸೂರಿಗಳು

ಉತ್ತರಭಾಗ ಭೀತಿಯು ಅರ್ವಾಚೀನ ವ್ಯಾಧಿಯೆಂಬ ಭ್ರಮೆಯನ್ನು ಮೊದಲಿಗೇ ನಿರಸನಗೊಳಿಸಬೇಕಾಗಿದೆ. ಏಳನೆಯ ಶತಮಾನದಲ್ಲಿ ಬಾಣಭಟ್ಟ ‘ಕಾದಂಬರಿ’ಯನ್ನು ನಡುವೆಯೇ ಬಿಟ್ಟು ತೀರಿಕೊಂಡ. ಶಾಪ, ಜನ್ಮಾಂತರ, ಕಥೆ ಹೇಳುವ ಗಿಳಿ, ರಾಜಕುಮಾರನಾಗಿ ಹುಟ್ಟಿಬರುವ ಚಂದ್ರ – ಈಗಿನ ಯಾವ ಅದ್ಭುತ ಸರಣಿಗೂ ಕಡಿಮೆಯಿಲ್ಲದ ಸರಕು. ಮಗ ಕೂತು ಉತ್ತರಭಾಗ ಬರೆದು ಮುಗಿಸಿದ. ನಮ್ಮ ಒಂದನೆಯ ನಾಗವರ್ಮ ಎರಡೂ ಭಾಗಗಳನ್ನು ಕನ್ನಡಕ್ಕೆ ತಂದ. ಬಾಣನ ಮಗ ತನ್ನ ಭಾಗ ಶುರು ಮಾಡುವ ಮುನ್ನ ಒಂದು ಮಾತು ಹೇಳಿಕೊಳ್ಳುತ್ತಾನೆ: ಅಪ್ಪ ಹೋದ, ಕಥೆ ನಿಂತಿತು, ಸಜ್ಜನರು ನೊಂದುಕೊಂಡರು, ಅದಕ್ಕಾಗಿ ಮುಂದುವರಿಸಿದೆ, ಕವಿಯೆಂಬ ಹಮ್ಮಿನಿಂದಲ್ಲ. ಇದು ಅದರ ಸಾರ. ಉತ್ತರಭಾಗ ಬರೆದವನೊಬ್ಬ ಓದುಗರ ಮುಂದೆ ಹೀಗೆ ಕೈಮುಗಿದು ನಿಂತದ್ದನ್ನು ಈ ಸಂಶೋಧಕ ಆಮೇಲೆ ಎಲ್ಲೂ ಕಂಡಿಲ್ಲ. ಈಗ ಕೈಮುಗಿಯುವವರಿಲ್ಲ, ಟೀಸರ್ ಬಿಡುವವರಿದ್ದಾರೆ.

ಎರಡನೆಯ ನಿದರ್ಶನ ನಮಗೆ ಇನ್ನೂ ಹತ್ತಿರದ್ದು. ವಿರಾರ್ ದಾಟಿ, ಡಹಾಣು ದಾಟಿ, ಗುಜರಾತಿನ ಗಡಿಯಲ್ಲಿರುವ ಉಂಬರಗಾಂವ್‌ನಲ್ಲಿ ಚಿತ್ರೀಕರಣಗೊಂಡ ರಾಮಾನಂದ ಸಾಗರರ ‘ರಾಮಾಯಣ’ 1988ರಲ್ಲಿ ಪಟ್ಟಾಭಿಷೇಕಕ್ಕೆ ಬಂದು ನಿಂತಿತು. ಉತ್ತರ ಭಾರತದ ಹಲವು ಊರುಗಳಲ್ಲಿ ವಾಲ್ಮೀಕಿ ಸಮುದಾಯದ ಪೌರಕಾರ್ಮಿಕರು ಪೊರಕೆ ಕೆಳಗಿಟ್ಟರು. ನಮ್ಮ ವಾಲ್ಮೀಕಿಯ ಆಶ್ರಮ ಬರದೆ ರಾಮಾಯಣ ಹೇಗೆ ಮುಗಿದೀತು ಎಂಬುದು ಅವರ ವಾದ. ಊರುಗಳು ನಾರತೊಡಗಿದವು, ಉತ್ತರಭಾಗ ಬಂತು. ಅಭಿಮಾನಿಗಳ ಮಾತಿಗೆ ಬೆಲೆ ಬರಬೇಕಾದರೆ ಅವರ ಕೈಯಲ್ಲಿ ಪೊರಕೆ ಇರಬೇಕು ಎಂಬ ಸಿದ್ಧಾಂತವನ್ನು ಇಲ್ಲಿ ಮಂಡಿಸಲಾಗಿದೆ.

ಅಭಿಮಾನಿ ವರ್ಗೀಕರಣ

ನವರಸಗಳಿಗೆ ಸಂವಾದಿಯಾಗಿ ಅಭಿಮಾನಿಗಳನ್ನು ಒಂಬತ್ತು ವಿಧವಾಗಿ ವಿಂಗಡಿಸಬಹುದು.

ಒಂದು, ಆದ್ಯಪ್ರಸಾರನಿಷ್ಠರು. ಆರಂಭದಲ್ಲಿ ಧಾರಾವಾಹಿ ಶನಿವಾರ ಬೆಳಿಗ್ಗೆ ಮತ್ತು ಮಂಗಳವಾರ ಸಂಜೆ ಬರುತ್ತಿತ್ತು. ಹೊಟ್ಟೆನೋವಿನ ನೆಪ ಹೇಳಿ ಶನಿವಾರದ ಶಾಲೆ ತಪ್ಪಿಸಿದವರೇ ಈ ವರ್ಗ. ಮುಂದೆ ಭಾನುವಾರ ಹನ್ನೆರಡಕ್ಕೆ ಬದಲಾದದ್ದನ್ನೇ ಇವರು ಮೊದಲ ಪತನವೆಂದು ಎಣಿಸುತ್ತಾರೆ. ಇವರ ಸ್ಥಾಯಿಭಾವ ಶಂಕೆ.

ಎರಡು, ಪ್ರಥಮಗೀತಾವಾದಿಗಳು. ‘ಆಜ್ ಕಿ ಆವಾಜ್’ ಪತ್ರಿಕೆಯ ವರದಿಗಾರ್ತಿ ಗೀತಾ ವಿಶ್ವಾಸ್ ಪಾತ್ರವನ್ನು ಮೊದಲು ಮಾಡಿದವರು ಕಿಟು ಗಿದ್ವಾನಿ. ಆಮೇಲೆ ವೈಷ್ಣವಿ ಬಂದರು. ಈ ನಟೀಪಲ್ಲಟವು ಗೀತಾತತ್ವದ ಅನನ್ಯತೆಗೆ ತಂದೊಡ್ಡಿದ ಬಿಕ್ಕಟ್ಟಿನ ಬಗ್ಗೆ ಮುಲುಂಡಿನ ಒಂದು ಕುಟುಂಬದಲ್ಲಿ ಅಕ್ಕ-ತಮ್ಮ ಈಗಲೂ ಮಾತು ಬಿಡುವುದುಂಟು. ಇಬ್ಬರಿಗೂ ನಲವತ್ತರ ಹತ್ತಿರ.

ಮೂರು, ತಮೋಭೀತರು. ಡೊಂಬಿವಲಿ-ಕಲ್ಯಾಣ ಪಟ್ಟಿಯಲ್ಲಿ ಸಾಂದ್ರತೆ ಹೆಚ್ಚು. ಕಿಲ್ವಿಷ್ ಕೈ ಎತ್ತಿ ಕತ್ತಲೆ ನೆಲೆಯಾಗಿರಲಿ ಎಂದು ಗರ್ಜಿಸುವ ಹೊತ್ತಿಗೆ ಸರಿಯಾಗಿ ಲೋಡ್ ಶೆಡ್ಡಿಂಗ್ ಆಗಿ ಟಿವಿ ನಿಜಕ್ಕೂ ಆರಿಹೋಗುತ್ತಿದ್ದುದರಿಂದ, ಪಠ್ಯ ಮತ್ತು ವಾಸ್ತವಗಳ ಗಡಿರೇಖೆ ಇವರಲ್ಲಿ ಮಸುಕಾಗಿದೆ. ದಕ್ಷಿಣ ಮುಂಬಯಿಯ ಅಭಿಮಾನಿಗೆ ಈ ಅನುಭವಜನ್ಯ ಜ್ಞಾನ ಇಲ್ಲ. ಅವನು ಕಿಲ್ವಿಷ್‌ನನ್ನು ಕೇವಲ ರೂಪಕವೆಂದು ತಿಳಿದು ಬೆಳೆದ.

ನಾಲ್ಕು, ಶ್ರುತಾಭಿಮಾನಿಗಳು. ಅಂದರೆ ನೋಡದೆ, ಕೇಳಿ ಮಾತ್ರ ಅಭಿಮಾನಿಗಳಾದವರು.

ಐದರಿಂದ ಒಂಬತ್ತರವರೆಗಿನ ವಿಧಗಳನ್ನು ಓದುಗರೇ ತುಂಬಿಕೊಳ್ಳಬಹುದು. ನಾಲ್ಕನೆಯದಕ್ಕೆ ಬಂದಮೇಲೆ ಈ ಸಂಶೋಧಕನಿಗೆ ವಿಂಗಡಿಸುವ ಉಮೇದು ಹೋಯಿತು. ಕಾರಣ ಮುಂದೆ ಬರುತ್ತದೆ. ಅದಕ್ಕೂ ಮೊದಲು ಸಿದ್ಧಾಂತದ ಹೆಸರಿನಲ್ಲಿ ಅಜ್ಜಿಯನ್ನು ಕರೆತರಬೇಕು.

ಅಜ್ಜಿಯ ಮೀಮಾಂಸೆ

ಉಡುಪಿ ಕಡೆಯಿಂದ ಮಗನ ಮನೆಗೆ ಬಂದಿದ್ದ ಅಜ್ಜಿಗೆ ಹಿಂದಿ ಬರುತ್ತಿರಲಿಲ್ಲ. ಯಕ್ಷಗಾನದ ಆಟ ನೋಡಿ ಬೆಳೆದವರು. ಮೊದಲ ಭಾನುವಾರವೇ ಪಾತ್ರಗಳನ್ನು ವಿಂಗಡಿಸಿಬಿಟ್ಟರು: ಕಿಲ್ವಿಷ್ ಬಣ್ಣದ ವೇಷ, ಶಕ್ತಿಮಾನ್ ಪುಂಡುವೇಷ, ಶಕ್ತಿಮಾನ್‌ನದೇ ಮರೆವೇಷವಾದ ಹಲ್ಲುಬ್ಬಿನ ಪಂಡಿತ ಗಂಗಾಧರ ವಿದ್ಯಾಧರ ಮಾಯಾಧರ ಓಂಕಾರನಾಥ ಶಾಸ್ತ್ರಿ ಹಾಸ್ಯಗಾರ. ಪುಂಡುವೇಷ ದಿಗಿಣ ಹೊಡೆಯಲೇಬೇಕಲ್ಲ. ಹಾಗಾಗಿ ಶಕ್ತಿಮಾನ್ ಗಿರಗಿರನೆ ತಿರುಗಿದ್ದು ಅವರಿಗೆ ವಿಚಿತ್ರವೆನಿಸಲೇ ಇಲ್ಲ. ‘ಸುತ್ತಿದ್ದು ಸಾಕು ಮಗಾ, ಇನ್ನು ಅರ್ಥ ಹೇಳ್ಲಿ’ ಎಂದರು. ಕಿಲ್ವಿಷ್ ಬಗ್ಗೆ ಮಾತ್ರ ಅಸಮಾಧಾನವಿತ್ತು. ಇಷ್ಟು ದೊಡ್ಡ ರಾಕ್ಷಸ, ತೆರೆ ಹಿಡಿಸದೆ ಬಂದುಬಿಡುತ್ತಾನಲ್ಲ ಎಂದು.

ಸಂಕಿರಣದ ಆ ಪ್ರಬಂಧದಲ್ಲಿ ಇರದಿದ್ದುದೆಲ್ಲ ಅಜ್ಜಿಯ ಈ ಮಾತುಗಳಲ್ಲಿತ್ತು. ಇನ್ನೊಂದೂ ಇತ್ತು. ಯಕ್ಷಗಾನದಲ್ಲಿ ಒಂದೇ ಪ್ರಸಂಗವನ್ನು ವರ್ಷವರ್ಷವೂ ಬೇರೆ ಬೇರೆ ಮೇಳ, ಬೇರೆ ಬೇರೆ ಕಲಾವಿದರು ಆಡುತ್ತಾರೆ. ಹೊಸ ಅಭಿಮನ್ಯು ಬಂದರೆ ಹಳೆಯ ಅಭಿಮನ್ಯುವಿನ ಅಭಿಮಾನಿ ಬೆಳಗಿನವರೆಗೆ ಕೂತು ನೋಡಿ, ಮನೆಗೆ ಹೋಗುವ ದಾರಿಯಲ್ಲಿ ಬೈಯುತ್ತಾನೆ. ಆದರೆ ಅಭಿಮನ್ಯು ತನ್ನ ಸ್ವತ್ತೆಂದು ಯಾವ ಕಲಾವಿದನೂ ಹೇಳುವುದಿಲ್ಲ. ಶಕ್ತಿಮಾನ್ ವಿಷಯದಲ್ಲಿ ಹಾಗಾಗಲಿಲ್ಲ. ಪಾತ್ರವನ್ನು ಯಾರು ಮಾಡಬಹುದು, ಯಾರು ಮಾಡಬಾರದು ಎಂಬುದೇ ವರ್ಷಗಟ್ಟಲೆ ಸುದ್ದಿಯಾಯಿತು. ಕಥೆ ಏನು ಎಂದು ಯಾರೂ ಕೇಳಲಿಲ್ಲ.

ಉತ್ತರಪಠ್ಯಗಳ ವಂಶಾವಳಿ

2011ರಲ್ಲಿ ಕಾರ್ಟೂನ್ ರೂಪ ಬಂತು. 2013ರ ಜೂನ್‌ನಲ್ಲಿ ಪೋಗೋ ವಾಹಿನಿಯಲ್ಲಿ ‘ಹಮಾರಾ ಹೀರೋ ಶಕ್ತಿಮಾನ್’ ಟೆಲಿಚಿತ್ರ ಬಂತು. 2022ರ ಫೆಬ್ರವರಿಯಲ್ಲಿ ಸೋನಿ ಪಿಕ್ಚರ್ಸ್ ಮೂರು ಭಾಗಗಳ ಸಿನಿಮಾ ಘೋಷಿಸಿತು. ಟೀಸರ್ ಬಂತು, ವರ್ಷಗಳು ಸರಿದರೂ ಟೀಸರ್ ಟೀಸರಾಗಿಯೇ ಉಳಿಯಿತು. 2024ರ ನವೆಂಬರ್‌ನಲ್ಲಿ ಮೂಲ ಶಕ್ತಿಮಾನ್ ಪಾತ್ರಧಾರಿ ಮುಕೇಶ್ ಖನ್ನಾ ತಾವೇ ಮತ್ತೆ ಉಡುಪು ತೊಟ್ಟು ಯೂಟ್ಯೂಬಿನಲ್ಲಿ ಕಾಣಿಸಿಕೊಂಡರು. ಆಗ ಅವರಿಗೆ ಅರವತ್ತಾರು. ಹೊಟ್ಟೆಯ ಬಗ್ಗೆ ಜನ ಆಡಿಕೊಂಡರು. ಆಡಿಕೊಂಡವರ ಹೊಟ್ಟೆಗಳನ್ನೂ ಈ ಸಂಶೋಧಕ ಬೆಳಗಿನ ವಿರಾರ್ ಫಾಸ್ಟ್‌ನಲ್ಲಿ ಅತಿ ನಿಕಟವಾಗಿ ಅಧ್ಯಯನ ಮಾಡಿರುವುದರಿಂದ ಆ ಚರ್ಚೆಗೆ ಹೋಗುವುದಿಲ್ಲ.

ಈ ವಂಶಾವಳಿಯಲ್ಲಿ ಒಂದು ಸಂಗತಿಯನ್ನು ಮಾತ್ರ ಯಾರೂ ಎತ್ತಿ ಹೇಳುವುದಿಲ್ಲ. ಮೂಲ ಧಾರಾವಾಹಿ ಬಂದದ್ದು ಪುಕ್ಕಟೆಯಾಗಿ. ಮಾಳಿಗೆಯ ಮೇಲೆ ಒಂದು ಆಂಟೆನಾ ನಿಲ್ಲಿಸಿ ಅದನ್ನು ವರ್ಲಿಯ ದೂರದರ್ಶನ ಗೋಪುರದ ಕಡೆ ತಿರುಗಿಸಿದರೆ ಸಾಕು, ಕೇಬಲ್ಲಿನವನಿಗೆ ತಿಂಗಳ ದುಡ್ಡು ಕೊಡಬೇಕಿರಲಿಲ್ಲ. ಚಾಳಿನ ಒಂದು ಖೋಲಿಯಲ್ಲಿ ಟಿವಿ, ಅಕ್ಕಪಕ್ಕದ ಖೋಲಿಗಳ ಮಕ್ಕಳೆಲ್ಲ ಹೊಸ್ತಿಲವರೆಗೆ. ಬಿಸ್ಕತ್ತಿನ ಜಾಹೀರಾತೂ ಕಥೆಯ ಒಂದು ಭಾಗವೇ. ಆ ಪಾರ್ಲೆ-ಜಿ ಬೇಯುತ್ತಿದ್ದದ್ದು ವಿಲೇ ಪಾರ್ಲೆಯಲ್ಲಿ, ರೈಲಿನ ಕಿಟಕಿಗೆ ವಾಸನೆ ಬರುತ್ತಿತ್ತು. ಆ ಕಾರ್ಖಾನೆ 2016ರಲ್ಲಿ ನಿಂತಿತು. ಆಮೇಲೆ ಬಂದ ಪ್ರತಿಯೊಂದು ಉತ್ತರಭಾಗವೂ ಒಂದೊಂದು ಗೇಟಿನ ಆಚೆ ಇದೆ. ಮೊದಲು ಹಣ ಕಟ್ಟಬೇಕಾದ ವಾಹಿನಿ, ಆಮೇಲೆ ಡೇಟಾ, ಬಂದರೆ ಮಲ್ಟಿಪ್ಲೆಕ್ಸ್ ಟಿಕೆಟ್ಟು. ನಾಲ್ಕು ಜನ ಒಮ್ಮೆ ಸಿನಿಮಾಕ್ಕೆ ಹೋದರೆ ಬೋರಿವಲಿಯ ಮನೆಯೊಂದರ ವಾರದ ತರಕಾರಿ ದುಡ್ಡು ಪಾಪ್‌ಕಾರ್ನಿಗೇ ಹೋಗುತ್ತದೆ. ದೂರದರ್ಶನ ಹಳೆಯ ಅನಲಾಗ್ ಪ್ರಸಾರವನ್ನೂ ಬಹುಮಟ್ಟಿಗೆ ನಿಲ್ಲಿಸಿದೆ. ಇನ್ನು ಆಂಟೆನಾ ತಿರುಗಿಸುವುದು ಎತ್ತಕಡೆ?

ಇಲ್ಲಿ ಈ ಪ್ರಬಂಧದ ಸಮಚಿತ್ತ ಕೆಡುತ್ತಿದೆ, ಕೆಡಲಿ. ಆ ಕಾಲದಲ್ಲಿ ಶಕ್ತಿಮಾನ್ ಬಂದು ಕಾಪಾಡುತ್ತಾನೆಂದು ನಂಬಿ ಮಕ್ಕಳು ಅಪಾಯ ತಂದುಕೊಂಡ ಸುದ್ದಿಗಳು ಪತ್ರಿಕೆಗಳಲ್ಲಿ ಬಂದವು. ದೊಡ್ಡ ಗಲಾಟೆಯಾಯಿತು. ಆದರೆ ಅದಕ್ಕೆ ಉತ್ತರವಾಗಿ ಅವನೇ ಉಡುಪಿನಲ್ಲಿ ಕ್ಯಾಮರಾ ಮುಂದೆ ನಿಂತು, ಹೀಗೆಲ್ಲ ಮಾಡಬೇಡಿ ಎಂದು ಮಕ್ಕಳಿಗೆ ತಿಳಿಹೇಳಿದ. ಕಂತಿನ ಕೊನೆಗೆ ಕಸ ಎಲ್ಲೆಂದರಲ್ಲಿ ಎಸೆದ ಹುಡುಗನೋ ಸುಳ್ಳು ಹೇಳಿದ ಹುಡುಗಿಯೋ ‘ಸಾರಿ ಶಕ್ತಿಮಾನ್’ ಎನ್ನುತ್ತಿದ್ದರು. ದೊಡ್ಡವರು ನಗುತ್ತಿದ್ದರು, ಮಕ್ಕಳು ನಗುತ್ತಿರಲಿಲ್ಲ. ಅಲ್ಲಿ ಒಬ್ಬ ಮನುಷ್ಯ ತನ್ನ ಮುಂದೆ ಕೂತವರಿಗೆ ಎಂಟು-ಹತ್ತು ವರ್ಷವೆಂದು ತಿಳಿದು ಮಾತಾಡುತ್ತಿದ್ದ. ಈಗಿನ ಟೀಸರುಗಳು ಮಾತಾಡುವುದು ನಲವತ್ತರ ನಮ್ಮ ಜೊತೆ, ನಮ್ಮ ಜೇಬಿನ ಜೊತೆ. ಅಯ್ಯಾ, ನಮಗೆ ಯಾಕೆ? ನಮ್ಮದು ಮುಗಿಯಿತು. ನಾವು ಹೋಮ್ ಲೋನ್ ಕಟ್ಟಿಕೊಂಡು ಇದ್ದೇವೆ. ಈಗ ಎಂಟು ವರ್ಷದ ಮಗು ಧಾರಾವಿಯಲ್ಲಿದೆ, ನಾಲಾಸೋಪಾರಾದಲ್ಲಿದೆ, ಅದರ ಭಾನುವಾರ ಹನ್ನೆರಡು ಗಂಟೆಗೆ ಏನಿದೆ? ಸಂಕಿರಣದ ವಿದ್ವಾಂಸರೇ, ಗತಕಾಲದ ಗ್ರಾಹಕರು ನಾವಾಗಿ ಹುಟ್ಟಲಿಲ್ಲ. ಪುಕ್ಕಟೆಯಾಗಿದ್ದುದಕ್ಕೆ ಬೆಲೆಚೀಟಿ ಅಂಟಿಸಿ ನಮ್ಮನ್ನು ಗ್ರಾಹಕರನ್ನಾಗಿ ಮಾಡಲಾಯಿತು.

ಧಾರಾವಾಹಿ ನಿಂತದ್ದೂ ದುಡ್ಡಿಗಾಗಿಯೇ. ಪ್ರಸಾರದ ಶುಲ್ಕ ಏರುತ್ತ ಹೋದದ್ದು ತಾಳಿಕೊಳ್ಳಲಾಗಲಿಲ್ಲ ಎಂದು ಮುಕೇಶ್ ಖನ್ನಾ ಸಂದರ್ಶನಗಳಲ್ಲಿ ಹೇಳಿದ್ದಾರೆ. ಕಿಲ್ವಿಷ್‌ಗೆ ಆಗದ್ದನ್ನು ಒಂದು ದರಪಟ್ಟಿ ಮಾಡಿತು.

ಶ್ರುತಾಭಿಮಾನಿಗಳು: ಪುನರಾವಲೋಕನ

ಭಾನುವಾರ ಹನ್ನೆರಡು ಗಂಟೆ ಎಂದರೆ ಮುಂಬಯಿಯ ಉಡುಪಿ ಹೋಟೆಲುಗಳಲ್ಲಿ ರೈಸ್ ಪ್ಲೇಟಿನ ಹೊತ್ತು. ಮಾಟುಂಗಾ, ಫೋರ್ಟ್, ಘಾಟ್‌ಕೋಪರ್, ಎಲ್ಲೇ ಆಗಲಿ, ಕುಂದಾಪುರ-ಕಾರ್ಕಳ ಕಡೆಯಿಂದ ಬಂದು ಹಗಲು ಟೇಬಲ್ ಒರೆಸಿ ರಾತ್ರಿ ಕನ್ನಡ ರಾತ್ರಿಶಾಲೆಗೆ ಹೋಗುತ್ತಿದ್ದ ಹುಡುಗರಿಗೆ ಶಕ್ತಿಮಾನ್‌ನ ವಯಸ್ಸೇ ಇತ್ತು, ಶಕ್ತಿಮಾನ್‌ನ ಹೊತ್ತು ಮಾತ್ರ ಇರಲಿಲ್ಲ. ಗಲ್ಲಾದ ಮೇಲಿನ ಟಿವಿ ಗಿರಾಕಿಗಳ ಕಡೆ ಮುಖಮಾಡಿರುತ್ತಿತ್ತು. ಒಳಗೆ ಪಾತ್ರೆ ತೊಳೆಯುವಲ್ಲಿಗೆ ಬರುತ್ತಿದ್ದದ್ದು ಬರೀ ಸದ್ದು. ತಿರುಗುವ ಸದ್ದು, ಗುದ್ದುವ ಸದ್ದು, ಕಿಲ್ವಿಷ್‌ನ ಗರ್ಜನೆ. ಉಳಿದದ್ದನ್ನು ಅವರು ರಾತ್ರಿಶಾಲೆಯಲ್ಲಿ ಒಬ್ಬರಿಗೊಬ್ಬರು ಹೇಳಿ ಪೂರೈಸಿಕೊಂಡರು. ಉತ್ತರಭಾಗದ ಬಗ್ಗೆ ಇವರಿಗೆ ಯಾವ ದೂರೂ ಇಲ್ಲ. ಪೂರ್ವಭಾಗವನ್ನೇ ನೋಡಿರಲಿಲ್ಲವಲ್ಲ.

2020ರ ಏಪ್ರಿಲ್‌ನಲ್ಲಿ ಲಾಕ್‌ಡೌನ್ ಇದ್ದಾಗ ದೂರದರ್ಶನ ಶಕ್ತಿಮಾನ್ ಅನ್ನು ಮಧ್ಯಾಹ್ನ ಮರುಪ್ರಸಾರ ಮಾಡಿತು. ಹೋಟೆಲುಗಳು ಮುಚ್ಚಿದ್ದವು. ಊರಿಗೆ ಹೋಗಲಾಗದೆ ಹೋಟೆಲಿನ ಮಾಳಿಗೆಯಲ್ಲೇ ಉಳಿದ ಮ್ಯಾನೇಜರೊಬ್ಬರು, ಅಂದಿನ ಪಾತ್ರೆ ತೊಳೆಯುವ ಹುಡುಗ, ಆಗ ಮೊದಲ ಸಲ ಕೂತು ಪೂರ್ತಿ ನೋಡಿದರಂತೆ. ನಾನು ಸಂಶೋಧಕನ ಗತ್ತಿನಲ್ಲಿ ಕೇಳಿದೆ, ಹೇಗನ್ನಿಸಿತು ಎಂದು.

‘ಗಂಗಾಧರನೂ ಶಕ್ತಿಮಾನೂ ಒಬ್ಬನೇ ಜನ ಅಂತ ಕಥೆಯಲ್ಲಿ ಗೊತ್ತಿತ್ತು ಮಾರಾಯ್ರೆ. ಆದ್ರೆ ವೇಷ ಮಾಡಿದ್ದೂ ಒಬ್ಬನೇ ಅಂತ ಗೊತ್ತಿರ್ಲಿಲ್ಲ. ಸ್ವರ ಅಷ್ಟು ಬೇರೆ ಇತ್ತಲ್ಲ! ಆ ಹಲ್ಲು ಇಟ್ಕೊಂಡು ಹಾಗೆ ಮಾತಾಡೋದು ಸುಲಭವಾ?’

ಮುಂದಿನ ಸಂಶೋಧನೆಗೆ ಅವಕಾಶ

ಹೊಸ ಸಿನಿಮಾ ಬಂದೇ ಬಂತೆನ್ನಿ. ಗ್ರಾಫಿಕ್ಸ್ ಚೆನ್ನಾಗಿರುತ್ತದೆ, ಬಜೆಟ್ ದೊಡ್ಡದಿರುತ್ತದೆ, ಬ್ರಹ್ಮಾಂಡವೇ ಹೊತ್ತಿ ಉರಿಯುತ್ತದೆ. ಅದೆಲ್ಲ ಇರಲಿ. ಗಂಗಾಧರನ ದಪ್ಪ ಕನ್ನಡಕ, ಎಣ್ಣೆ ಹಚ್ಚಿ ಬಾಚಿದ ತಲೆ, ಮುಂದಕ್ಕೆ ಚಾಚಿದ ಆ ಸುಳ್ಳು ಹಲ್ಲು – ಇವನ್ನು ಕೋಟಿಗಟ್ಟಲೆ ಸಂಭಾವನೆಯ ಯಾವ ನಾಯಕ ತನ್ನ ಮುಖದ ಮೇಲೆ ಇಟ್ಟುಕೊಳ್ಳುತ್ತಾನೆ? ಇಟ್ಟುಕೊಂಡರೂ ಎಷ್ಟು ನಿಮಿಷ? ಇಂಟರ್ವಲ್ಲಿಗೆ ಮೊದಲೇ ತೆಗೆದುಬಿಡುತ್ತಾನೋ? ಈ ಬಗ್ಗೆ ನಿರ್ಮಾಪಕರು ಲಿಖಿತವಾಗಿ ತಿಳಿಸಿದಲ್ಲಿ ಪ್ರಬಂಧದ ಎರಡನೆಯ ಭಾಗವನ್ನು ಬರೆಯಲಾಗುವುದು.