ಕತ್ತಲಾದರೆ ಫ್ಯೂಸ್

ಹಗಲು ಹೊತ್ತಿನಲ್ಲಿ ನನ್ನ ಹಳೆಯ ಮಾರುತಿ 800ರಷ್ಟು ಸಾಧು ಗಾಡಿ ಇಡೀ ಬಾರಾಮತಿಯಲ್ಲಿ ಇರಲಿಲ್ಲ. ಸಂಜೆ ಪಾರ್ಕಿಂಗ್ ಲೈಟ್ ಹಾಕಿದೆನೋ, ಫ್ಯೂಸ್ ಢಮಾರ್. ಹಿಂದಿನ ಕೆಂಪು ದೀಪವಿಲ್ಲದೆ ಭಿಗವಣ ರಸ್ತೆಯಲ್ಲಿ, ಎರಡೆರಡು ಟ್ರೇಲರ್ ಎಳೆದು ಬರುವ ಕಬ್ಬಿನ ಟ್ರ್ಯಾಕ್ಟರುಗಳ ಮುಂದೆ ಹೋಗುವುದೆಂದರೆ ವಿಮೆಯವರಿಗೂ ಇಷ್ಟವಾಗುವ ಕೆಲಸವಲ್ಲ.

"ಉಂದೀರ್!", ಅಂದರೆ ಇಲಿ, ಎಂದು ಓಣಿಯೆಲ್ಲ ಮರಾಠಿಯಲ್ಲಿ ತೀರ್ಪು ಕೊಟ್ಟಿತು. ಕಬ್ಬು ಕಡಿದ ಗದ್ದೆಯ ಇಲಿಗಳು ಊರು ಸೇರುವ ಕಾಲ. ಬಾನೆಟ್ಟಿನ ಬಿಸುಪು, ವೈರಿನ ರುಚಿ ಅವಕ್ಕೆ ಗೊತ್ತು. ಪಕ್ಕದ ಮನೆಯವರು ಇಲಿಬೋನನ್ನೂ, ಫ್ಯೂಸಿನ ಜಾಗಕ್ಕೆ ತಾಮ್ರದ ತಂತಿಯನ್ನೂ ತಂದುಕೊಟ್ಟರು.

ತಂತಿ ನೋಡಿ ಎಲೆಕ್ಟ್ರಿಷಿಯನ್ ಹೌಹಾರಿದ. ಅಕ್ಕಲಕೋಟೆ ಕಡೆಯವನು, ನಮ್ಮ ಭಾಷೆಯವನು. "ಫ್ಯೂಸ್ ಸಾಯ್ಲಿಲ್ಲಂದ್ರ ವಾಯರ್ ಸಾಯ್ತೈತ್ರಿ ಸಾಹೇಬ್ರ, ಅದರ ಹಿಂದ ಗಾಡಿ."

ಅವನ ಉಪಾಯ ನೋಡುವಂಥದು. ಹೊಸ ಫ್ಯೂಸ್ ಸುಡುತ್ತ ಕೂರಲಿಲ್ಲ. ಆ ಜಾಗಕ್ಕೆ 21 ವಾಟಿನ ಬ್ರೇಕ್ ಬಲ್ಬ್ ಸಿಕ್ಕಿಸಿದ. ಎಷ್ಟೇ ಶಾರ್ಟ್ ಇದ್ದರೂ ಎರಡು ಆಂಪಿಯರಿಗಿಂತ ಹೆಚ್ಚು ಹರಿಯದು, ವೈರ್ ಸುಡದು. ಶಾರ್ಟ್ ಇರುವವರೆಗೆ ಬಲ್ಬ್ ಧಗಧಗ. ತಪ್ಪಿದ ಕ್ಷಣ ಮಂಕು. ಹಿಂದಿನ ದೀಪ ಕಳಚಿದ: ಧಗಧಗ. ನಂಬರ್ ಪ್ಲೇಟಿನದು, ಮೀಟರಿನದು: ಧಗಧಗ. ಇಲಿ ಕಡಿದ ಗುರುತು ಒಂದೂ ಇಲ್ಲ.

ಉಳಿದದ್ದು ಡ್ಯಾಶ್‌ಬೋರ್ಡ್ ಮೇಲಿನ ಮೋರಗಾವದ ಮಯೂರೇಶ್ವರ. ಅಷ್ಟವಿನಾಯಕರಲ್ಲಿ ಮೊದಲಿಗ, ಇದೇ ತಾಲೂಕಿನವನು. ಕತ್ತಲಾದಾಗ ಬೆಳಗಲಿ ಎಂದು ಹಿಂದಿನ ಮಾಲೀಕರು ಅವನ ಪ್ರಭಾವಳಿಯನ್ನು ಪಾರ್ಕಿಂಗ್ ಲೈನಿಗೇ ಜೋಡಿಸಿದ್ದರು.

ಎಲೆಕ್ಟ್ರಿಷಿಯನ್ ಕೈ ಹಿಂದೆ ತೆಗೆದ. "ದೇವರ ವಾಯರ್ ನೀವ ತಗೀರಿ."

ನಾನು ಮನಸ್ಸಿನಲ್ಲೇ ಕ್ಷಮೆ ಕೇಳಿ ಎಳೆದೆ. ಬಲ್ಬ್ ಮಂಕಾಯಿತು. ಡ್ಯಾಶ್‌ಬೋರ್ಡ್ ಕೆಳಗಿನ ಕಬ್ಬಿಣದ ಪಟ್ಟಿಯ ಅಂಚಿಗೆ ತಿಕ್ಕಿ ತಿಕ್ಕಿ ಆ ವೈರಿನ ಪ್ಲಾಸ್ಟಿಕ್ ಸಿಪ್ಪೆ ಎದ್ದು, ತಾಮ್ರ ಹಲ್ಲು ಕಿರಿದಿತ್ತು. ಓಣಿಯೆಲ್ಲ ಸೇರಿ ವಾಹನವನ್ನು ಬೈದಿದ್ದೆವು; ಸವಾರ ಕಣ್ಣೆದುರೇ ಕೂತಿದ್ದ!

ಮೂರ್ತಿಯನ್ನು ಬಿಚ್ಚಿ ಮನೆಗೆ ಒಯ್ಯುವ ಮಾತೆತ್ತಿದ್ದಕ್ಕೆ ಮನೆಯವಳು ನನ್ನನ್ನೇ ದುರುಗುಟ್ಟಿ ನೋಡಿದಳು. ಹೀಗಾಗಿ ವಿಘ್ನೇಶ್ವರನಿಗೆ ರಬ್ಬರ್ ತೊಡಿಸಿದ ಹೊಸ ವೈರು, ಸ್ವಂತಕ್ಕೊಂದು ಸಣ್ಣ ಫ್ಯೂಸು. ಬಿಲ್ಲಿನಲ್ಲಿ ಗಿರಾಕಿಯ ಹೆಸರಿನ ಮುಂದೆ ಎಲೆಕ್ಟ್ರಿಷಿಯನ್ ಮರಾಠಿಯಲ್ಲಿ "ಗಣಪತಿ" ಎಂದೇ ಬರೆದ. ದುಡ್ಡು ಮಾತ್ರ ನನ್ನಿಂದಲೇ ಇಸಿದುಕೊಂಡ.