ಸಂತೆಯ ದಂತಪಂಡಿತ

ಹುಣಸೂರಿನ ಸಂತೆಯಲ್ಲಿ, ಕಿತ್ತ ಹಲ್ಲುಗಳನ್ನು ಪ್ರಶಸ್ತಿಪತ್ರಗಳಂತೆ ಹರಡಿಕೊಂಡು ಕೊಡೆಯ ನೆರಳಿನಲ್ಲಿ ವಿರಾಜಮಾನನಾಗಿದ್ದ ದಂತಪಂಡಿತನನ್ನು, ಪಿರಿಯಾಪಟ್ಟಣದ ಕಡೆಯಿಂದ ಬಂದ, ಹೊಗೆಸೊಪ್ಪು ಬೆಳೆವ ವೃದ್ಧ ಗೌಡರೊಬ್ಬರು ಊದಿದ ದವಡೆಯನ್ನು ಹಿಡಿದುಕೊಂಡೇ ಪ್ರಶ್ನಿಸಿದರು:

“ಪಂಡಿತರೇ, ರಾಜ್ಯ ದಂತವೈದ್ಯ ಪರಿಷತ್ತಿನ ನೋಂದಣಿಯಲ್ಲಿ ತಮ್ಮ ಹೆಸರುಂಟೋ?”

“1948ರ ದಂತವೈದ್ಯರ ಕಾಯಿದೆಯು ಪದವಿಯಿಲ್ಲದ ಹಳೆಯ ವೃತ್ತಿನಿರತರಿಗೆಂದೇ ‘ಬಿ’ ಭಾಗವನ್ನು ದಯಪಾಲಿಸಿತ್ತಲ್ಲವೇ, ಗೌಡರೇ?”

“ಆಗಲೇ ಐದು ವರ್ಷ ವೃತ್ತಿ ನಡೆಸಿದ್ದವರಿಗಪ್ಪಾ! ತಮಗೆ ವಯಸ್ಸೆಷ್ಟು?”

“ನಲವತ್ತು. ಆದರೆ ಇಕ್ಕಳ ತಾತನದು.”

“ಅದನ್ನು ಕುದಿಸುವುದುಂಟೋ?”

“ಪಿತ್ರಾರ್ಜಿತವನ್ನು ಕುದಿಸುವುದೇ? ಶಾಂತಂ ಪಾಪಂ!”

ಗೌಡರು ತಾಲ್ಲೂಕು ಆಸ್ಪತ್ರೆಯ ಹಾದಿ ಹಿಡಿದರು. 2023ರಲ್ಲಿ ಸಂಸತ್ತು ಹಳೆಯ ಕಾಯಿದೆಯ ಸ್ಥಾನಕ್ಕೆ ರಾಷ್ಟ್ರೀಯ ದಂತ ಆಯೋಗದ ಕಾಯಿದೆಯನ್ನು ಅಂಗೀಕರಿಸಿತಷ್ಟೆ. ಆ ವಾರ್ತೆ ಕೊಡೆಯ ಕೆಳಗಿನ್ನೂ ತಲುಪಿಲ್ಲವಾದ ಕಾರಣ, ವಾಚಕ ಮಹಾಶಯರು ಬಾಯಿ ತೆರೆಯುವ ಮುನ್ನ ನೋಂದಣಿ ಸಂಖ್ಯೆಯನ್ನು ಕೇಳತಕ್ಕದ್ದು.